ಎಳ್ಳು ಎಂದು ಗೊತ್ತಾದ ಮೇಲೆ

ಜೂನ್ 9, ಸೋಮವಾರ

ಗೋವಾದ ಈ ಮಳೆಗೆ ಬಟ್ಟೆ ಇವತ್ತೂ ಒಣಗಿಲ್ಲ. ಹಾಲ್‌ನಲ್ಲಿ ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಹರವಿದ್ದೇನೆ. ಇವರ ಬನಿಯನ್ನು, ಮಗ ಅಮೇಯನ ಏರ್‌ಪೋರ್ಟ್ ಯೂನಿಫಾರ್ಮು. ತಲೆ ತಗ್ಗಿಸಿಕೊಂಡೇ ಓಡಾಡಬೇಕು.

ಧನಶ್ರೀ ಬೆಳಿಗ್ಗೆ ತಿಂದ ಉಪ್ಪಿಟ್ಟು ವಾಂತಿ. ಆಮೇಲೆ ಕುಡಿದ ಮಜ್ಜಿಗೆಯೂ ವಾಂತಿ. ಆಫೀಸಿಗೆ ಮತ್ತೆ ರಜೆ. ಸೊಸೆಗೆ ಈಗಷ್ಟೇ ಮೂರನೇ ತಿಂಗಳು ಹಿಡಿದಿದೆ, ಮನೆಯವರನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಆದರೆ ಕೆಳಗಿನ ಮನೆಯ ಫರ್ಹೀನ ಹೇಗೋ ತಿಳಿದುಕೊಂಡಿದ್ದಾಳೆ. ವಿಜಾಪುರದ ಕಡೆಯ ಹುಡುಗಿ. ಸಂಜೆ ಒಂದು ಬಟ್ಟಲು ಹಿಡಿದು ಬಂದಳು. ಕರಿದ ಹೂಕೋಸು, ಪಕ್ಕದಲ್ಲಿ ಬೆಳ್ಳಗೆ ಏನೋ ಸಾಸು. ಗಂಡ ಪರ್ವೇಜ ಏರ್‌ಪೋರ್ಟ್ ರಸ್ತೆಯಲ್ಲಿ ರೋಲ್ ಗಾಡಿ ಹಚ್ಚುತ್ತಾನೆ, ಅದಕ್ಕೆಂದು ಮಾಡಿದ್ದರಲ್ಲೇ ಒಂದಿಷ್ಟು.

ಇವರದು ಮೊದಲ ಪ್ರಶ್ನೆ — "ತತ್ತಿ ಹಾಕಿಲ್ಲ ಹೌದಲ್ಲ?"

"ಇಲ್ರಿ ಕಾಕಾ, ಪಕ್ಕಾ ವೆಜ್ ಐತ್ರಿ. ನಿಮಗಂತ ಬ್ಯಾರೆ ಎಣ್ಣ್ಯಾಗ ಕರದೇನ್ರಿ."

ಧನಶ್ರೀ ತಿಂದಳು. ಹೊಟ್ಟೆಯಲ್ಲಿ ನಿಂತಿತು. ಹೂಕೋಸು ಮುಗಿದ ಮೇಲೆ ಬಟ್ಟಲಿಗೆ ಬೆರಳು ಹಾಕಿ ನೆಕ್ಕಿದಳು. ನಾನೂ ಒಂದು ಬೆರಳು ಹಚ್ಚಿ ನೋಡಿದೆ. ಹುಳಿ ಇದೆ, ಬೆಳ್ಳುಳ್ಳಿ ಇದೆ. ಉಳಿದದ್ದು ಏನು? ಗೋಡಂಬಿ ಅಲ್ಲ, ಸಿಹಿ ಇಲ್ಲ. ತೆಂಗಿನಕಾಯಿಯೂ ಅಲ್ಲ. ನುಂಗಿದ ಮೇಲೆ ಗಂಟಲ ಹತ್ತಿರ ಒಂದು ಸಣ್ಣ ಕಹಿ ಬರುತ್ತದೆ... ಕೆಟ್ಟ ಕಹಿಯಲ್ಲ.

ಜೂನ್ 10

ಫರ್ಹೀನ ಮತ್ತೆ ತಂದಳು. ಬಾಗಿಲಲ್ಲೇ ಕೊಟ್ಟು ಓಡಿದಳು, ಮಗು ಅಳುತ್ತಿತ್ತು. ಕೇಳಲು ಆಗಲಿಲ್ಲ. ಧನಶ್ರೀ ಚಪಾತಿಗೆ ಹಚ್ಚಿಕೊಂಡು ಎರಡು ತಿಂದಳು. ಎಷ್ಟೋ ದಿನಕ್ಕೆ ಕೂತು ಊಟ ಮಾಡಿದ್ದು.

ನನಗೆ ಇದರದ್ದೇ ಗುಂಗು. ಚಮಚದಲ್ಲಿ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಎಣ್ಣೆಯ ಹೊಳಪಿದೆ, ಎಣ್ಣೆ ಬೇರೆ ನಿಂತಿಲ್ಲ. ಇವರು ಪೇಪರಿನಿಂದ ತಲೆ ಎತ್ತದೆ "ಶೇಂಗಾ ಇರಬೇಕು" ಅಂದರು. ಶೇಂಗಾ ಆದರೆ ಮೂಗಿಗೆ ಗೊತ್ತಾಗುತ್ತಿತ್ತು. ನಾಳೆ ಕೇಳಿಯೇ ಬಿಡಬೇಕು.

ಜೂನ್ 11

ಎಳ್ಳು.

ಕೆಳಗಿಳಿದು ಹೋಗಿ ಕೇಳಿದೆ. ಫರ್ಹೀನ ಡಬ್ಬಿ ತೆಗೆದೇ ತೋರಿಸಿದಳು. ಸಿಪ್ಪೆ ತೆಗೆದ ಬಿಳಿ ಎಳ್ಳು. "ಇದನ್ನ ಅರದ್ರ ತಾಹಿನಿ ಅಂತಾರ್ರಿ ಕಾಕೂ. ನಮ್ಮವ್ರು ಮಸ್ಕತ್ ಹೋಟೆಲ್‌ನ್ಯಾಗ ಇದ್ದಾಗ ಕಲ್ತಾರ. ತಾಹಿನಿಗೆ ಲಿಂಬಿಹಣ್ಣು, ಬಳ್ಳೊಳ್ಳಿ, ನೀರು ಹಾಕಿದ್ರ ಸಾಸ್."

ನಾನು ಏನಂದೆನೋ. "ಇನ್ನ ಕಳಸಬ್ಯಾಡವಾ" ಅಂದೆ ಅಂತ ಕಾಣುತ್ತದೆ. ಅವಳ ಮುಖ ಸಣ್ಣದಾಯಿತು. ಮೆಟ್ಟಿಲು ಹತ್ತಿ ಬರುವಾಗ ಕೈಗಂಬಿ ಹಿಡಿದುಕೊಂಡೆ.

ಬರೆಯಬಾರದು ಅಂತಿದ್ದೆ. ಬರೆಯುತ್ತೇನೆ. ಧಾರವಾಡದ ಮನೆ, ಮದುವೆಯಾದ ಮರುವರ್ಷದ ಸಂಕ್ರಾಂತಿ. ನನಗೂ ಆಗ ಮೂರನೇ ತಿಂಗಳು. ಡಬ್ಬಿಯಲ್ಲಿದ್ದ ಎಳ್ಳುಂಡೆ ನಾಲ್ಕು ತಿಂದೆ. ಬಾಯಿ ಬೇಡಿತ್ತು. ವಾರದೊಳಗೆ ಎಲ್ಲ ಹೋಯಿತು. ದವಾಖಾನೆಯಿಂದ ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಬಂದ ಹೆಂಗಸರೆದುರು ಅಂದರು — "ಎಳ್ಳು ಉಷ್ಣ ಅಂತ ಸಣ್ಣ ಹುಡುಗರಿಗೂ ಗೊತ್ತದ. ತಿಂದು ಕಳಕೊಂಡ್ಲು." ಅಮೇಯ ಹುಟ್ಟಿದ್ದು ಅದಾಗಿ ಐದು ವರ್ಷಕ್ಕೆ. ಅಂದಿನಿಂದ ಎಳ್ಳು ನನ್ನ ಬಾಯಿಗೆ ಹೋಗಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು ಎಲ್ಲರಿಗೂ ಹಂಚುತ್ತೇನೆ, ನಾನು ತಿನ್ನುವುದಿಲ್ಲ. ಕೇಳಿದವರಿಗೆ ಪಿತ್ತ ಅನ್ನುತ್ತೇನೆ.

ಮೊನ್ನೆ ಬೆರಳು ನೆಕ್ಕಿದೆನಲ್ಲ... ನನ್ನ ಮಾತು ಬಿಡು. ಧನಶ್ರೀ ಎರಡು ದಿನ ತಿಂದಿದ್ದಾಳೆ.

ಜೂನ್ 14, ಶನಿವಾರ

ಮೂರು ದಿನದಿಂದ ಧನಶ್ರೀ ಬಾತ್‌ರೂಮಿಗೆ ಹೋದಾಗಲೆಲ್ಲ ನನ್ನ ಕಿವಿ ಅಲ್ಲೇ. ಅವಳಿಗೆ ಏನೂ ಆಗಿಲ್ಲ. ವಾಂತಿ ಮಾತ್ರ ಮತ್ತೆ ಶುರು. ಸಾಸು ಎಲ್ಲಿ ಅಂತ ಕೇಳಿದಾಗ ಅವರೇ ಮಾಡಿಲ್ಲವಂತೆ ಅಂದಿದ್ದೆ. ಇವತ್ತು ಮೆಟ್ಟಿಲಲ್ಲಿ ಫರ್ಹೀನ ಸಿಕ್ಕು ಖರೇ ಸಂಗತಿ ಹೇಳಿಬಿಟ್ಟಿದ್ದಾಳೆ.

ಸಿಟ್ಟು ಮಾಡಲಿಲ್ಲ ಹುಡುಗಿ. ಪಕ್ಕದಲ್ಲಿ ಬಂದು ಕೂತಳು. "ಅತ್ತಿ, ಯಾಕ ಬ್ಯಾಡಂದ್ರಿ?"

"ಎಳ್ಳು ಉಷ್ಣ. ಬಸುರ್ಯಾರು ತಿನಬಾರದು."

ಅಮೇಯ ಮೊಬೈಲ್ ತೆಗೆದ. ಒಂದು ಕಡೆ ತಿನ್ನಬಹುದು ಅಂತ, ಇನ್ನೊಂದು ಕಡೆ ಬೇಡ ಅಂತ. "ನೋಡವ್ವಾ, ಇದರಾಗೂ ನಿನ್ನಂಥವರು ಇದ್ದಾರ" ಅಂದ. ನಗಬೇಕು ಅಂತ ಅಂದದ್ದು. ನನಗೆ ನಗು ಬರಲಿಲ್ಲ. ಅವನಿಗೂ ಹಳೆಯದು ಗೊತ್ತಿಲ್ಲ. ಹೇಳಿದವರು ಯಾರು?

ಇವರು ಪೇಪರು ಓದುತ್ತಲೇ ಇದ್ದರು.

ಧನಶ್ರೀ ಅಂದಳು — "ಮಂಗಳವಾರ ಡಾಕ್ಟರ್ ಹತ್ರ ಹೋಗೂದದ. ನೀವೂ ಬರ್ರಿ. ನೀವ ಕೇಳ್ರಿ. ಅವರು ಬ್ಯಾಡ ಅಂದ್ರ ನಾ ಮುಟ್ಟೂದಿಲ್ಲ."

ಜೂನ್ 17, ಮಂಗಳವಾರ

ವಾಸ್ಕೋದ ಕ್ಲಿನಿಕ್. ಡಾಕ್ಟರ್ ಪೂಜಾ ಕಾರವಾರದವರು, ಕನ್ನಡ ಬರುತ್ತದೆ. ಮೊದಲು ಸ್ಕ್ಯಾನ್. ಪರದೆಯ ಮೇಲೆ ಶೇಂಗಾಬೀಜದಂಥದ್ದು ಒಂದು, ಅದರ ನಡುವೆ ಮಿಣಮಿಣ. ಅದೇ ಹಾರ್ಟ್ ಅಂದರು. ಚೆನ್ನಾಗಿದೆ ಅಂದರು. ನಾನು ಇನ್ನೂ ನೋಡುತ್ತಿದ್ದೆ, ಅಷ್ಟರಲ್ಲಿ ಪರದೆ ಆರಿಸಿದರು.

ಎಳ್ಳಿನ ಮಾತು ತೆಗೆದೆ.

"ಎಳ್ಳು ತಿಂದ್ರೆ ಮೈಮೇಲೆ ಗಂಧೆ ಏಳೋದು, ತುಟಿ ಊದೋದು ಏನಾದ್ರೂ ಇದೆಯಾ?" ಧನಶ್ರೀಗೆ ಕೇಳಿದರು. ಇಲ್ಲ ಅಂದಳು. "ಹಾಗಾದ್ರೆ ಊಟದಲ್ಲಿ ತಿನ್ನುವಷ್ಟು ತಿನ್ನಲಿ ಅಮ್ಮಾ. ಮನೇಲಿ ಮಾಡಿದ್ದು, ತಾಜಾ ಇದ್ರೆ ಸಾಕು. ಏನೂ ಆಗೋದಿಲ್ಲ."

ನಾನು ಏಳಲಿಲ್ಲ. ಅವರು ಪೆನ್ನು ಕೆಳಗಿಟ್ಟರು. "ನಿಮಗೇನಾದ್ರೂ ಆಗಿತ್ತಾ?"

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಹೇಳಿದೆ. ಸಂಕ್ರಾಂತಿ, ಡಬ್ಬಿ, ಪಡಸಾಲೆ, ಎಲ್ಲ. ಧನಶ್ರೀ ಪಕ್ಕದಲ್ಲೇ ಇದ್ದಳು, ಪರವಾಗಿಲ್ಲ ಅನ್ನಿಸಿತು. ಡಾಕ್ಟರ್ ಪೂರ್ತಿ ಕೇಳಿದರು. ಮೊದಲ ತಿಂಗಳುಗಳಲ್ಲಿ ಹೋಗುವುದು ಬಹಳ ಸಲ ಪಿಂಡವೇ ಸರಿಯಾಗಿ ಕೂಡಿರದ ಕಾರಣಕ್ಕೆ, ಉಂಡೆ ತಿಂದದ್ದಕ್ಕಲ್ಲ ಅಂದರು. "ನಿಮ್ಮಿಂದ ಆದದ್ದಲ್ಲ ಅಮ್ಮಾ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಇಳಿಯುವಾಗ ನನ್ನ ಚೀಲವನ್ನೂ ಧನಶ್ರೀಯೇ ಹಿಡಿದುಕೊಂಡಳು.

ಜೂನ್ 18

ಮಧ್ಯಾಹ್ನ ಊಟವಾದ ಮೇಲೆ ಇವರಿಗೆ ಹೇಳಿದೆ. ಖುಷಿಯಿಂದಲೇ ಹೇಳಿದೆ. ಡಾಕ್ಟರ್ ಹೀಗೆ ಅಂದರು ಅಂತ.

ಇವರು ಪೇಪರು ಮಡಿಚಿದರು. "ಗೊತ್ತಿತ್ತು" ಅಂದರು.

"ಏನ ಗೊತ್ತಿತ್ತು?"

"ಆವಾಗಿನ ಡಾಕ್ಟರೂ ಹಿಂಗ ಅಂದಿದ್ರು. ಎಳ್ಳಿಗೂ ಇದಕ್ಕೂ ಸಂಬಂಧಿಲ್ಲ ಅಂತ."

"ಮತ್ತ ನಂಗ್ಯಾಕ ಹೇಳಲಿಲ್ಲ?"

"ನಾ ಹೇಳೂದ್ರಾಗ ಅವ್ವ ಎಲ್ಲಾರ ಮುಂದ ಅಂದುಬಿಟ್ಲು. ನಿಂಗ ಹೇಳಿದ್ರ ನೀ ಆಕಿಗೆ ಹೇಳ್ತಿದ್ದಿ. ಮನ್ಯಾಗ..."

ನಾನು ಎದ್ದು ತಟ್ಟೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಜೂನ್ 20

ಬರೆಯಲು ಕೂತೆ. ಏನೂ ಇಲ್ಲ.

ಜುಲೈ 3, ಗುರುವಾರ

ಫರ್ಹೀನಳ ಮನೆಗೆ ಹೋದೆ. ಅವಳಿಗೆ ಹಾಗೆ ಅಂದದ್ದು ಮನಸ್ಸಿನಲ್ಲಿತ್ತು. "ನಂಗ ಮಾಡ್ಲಿಕ್ಕೆ ಕಲಸ್ತಿ ಏನು?" ಅಂದೆ. ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎಳ್ಳಿನ ಡಬ್ಬಿ ಹಿಡಿದು ನನ್ನ ಹಿಂದೆಯೇ ಮೇಲೆ ಬಂದಳು.

ಎಳ್ಳು ಸಣ್ಣ ಉರಿಯಲ್ಲಿ ಹುರಿಯಬೇಕು. ಬಿಸಿ ಏರಿ ವಾಸನೆ ಬಂದರೆ ಸಾಕು, ಬಣ್ಣ ಬರಬಾರದು. ವಾಸನೆ ಬಂದಾಗ ನನ್ನ ಕೈ ನಿಂತಿತು. ಫರ್ಹೀನ ನೋಡಿದಳು, ಸೌಟು ತಾನೇ ತಗೊಂಡಳು. ಆರಿಸಿ ಮಿಕ್ಸರಿಗೆ. ಮೊದಲು ಪುಡಿ. ಆಮೇಲೆ ಒದ್ದೆ ಮಣ್ಣಿನ ಹಾಗೆ ಅಂಚಿಗೆ ಹತ್ತುತ್ತದೆ. ಕೆರೆದು ಕೆರೆದು ಮತ್ತೆ ತಿರುವಬೇಕು. ನಡುನಡುವೆ ಮಿಕ್ಸರಿಗೆ ವಿಶ್ರಾಂತಿ. ಸ್ವಲ್ಪ ಎಣ್ಣೆ ಬಿಟ್ಟಳು. ನೋಡನೋಡುತ್ತ ಅದು ಸಡಿಲವಾಗಿ ಇಡ್ಲಿ ಹಿಟ್ಟಿಗಿಂತ ತೆಳ್ಳಗೆ ಹರಿಯಿತು. ಎಳ್ಳು ಇಷ್ಟು ಸುಮ್ಮನಿರುವ ಕಾಳು, ಒಳಗೆ ಇಷ್ಟೆಲ್ಲ ಇಟ್ಟುಕೊಂಡಿದೆ ಅಂತ ಯಾರಿಗೆ ಗೊತ್ತು.

ಆಮೇಲಿನದು ಸೋಜಿಗ. ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಹಾಕಿ ಕಲಸಿದೆ. ತೆಳ್ಳಗಾಗಬೇಕಲ್ಲ? ಕಲ್ಲಿನ ಹಾಗೆ ಗಟ್ಟಿಯಾಯಿತು. ಚಮಚ ನಿಂತುಕೊಂಡಿತು.

"ಕೆಟ್ಟತಲ್ಲ" ಅಂದೆ.

"ಇಲ್ರಿ ಕಾಕೂ, ಇದು ಹಿಂಗ ಮಾಡತೈತಿ. ತಣ್ಣೀರ ಹಾಕ್ಕೋತ ಹೋಗ್ರಿ. ಕೈ ಬಿಡಬ್ಯಾಡ್ರಿ."

ನೀರು ಸ್ವಲ್ಪ ಸ್ವಲ್ಪವಾಗಿ. ಮೊದಲು ಇನ್ನೂ ಹಟ ಮಾಡಿತು. ಆಮೇಲೆ ಇದ್ದಕ್ಕಿದ್ದಂತೆ ಬಿಟ್ಟುಕೊಟ್ಟಿತು. ಕಂದು ಹೋಗಿ ಬಿಳಿ ಬಂತು, ಮೊಸರಿನ ಹಾಗೆ ನುಣುಪು. ಎಣ್ಣೆಯೊಳಗೆ ನೀರು ಹೋದರೆ ಹೀಗೇಕೆ? ಅಮೇಯನನ್ನು ಕೇಳಿದರೆ ಏನೋ ಇಂಗ್ಲಿಷ್ ಹೆಸರು ಹೇಳಿದ. ಹೆಸರು ಹೇಳಿದರೆ ಕಾರಣ ಹೇಳಿದ ಹಾಗಾಯಿತೇ?

ಧನಶ್ರೀ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದಳು, ಮೇಲೆ ಸ್ವಲ್ಪ ಕೆಂಪು ಖಾರ ಉದುರಿಸಿಕೊಂಡು. ನಾನೂ ಒಂದು ತುತ್ತು ತಿಂದೆ. ಗೊತ್ತಿದ್ದೇ ತಿಂದೆ.

ಜುಲೈ 6, ಭಾನುವಾರ

ಎರಡನೇ ಸಲ ನಾನೊಬ್ಬಳೇ. ಉರಿ ಜಾಸ್ತಿಯಾಗಿ ಎಳ್ಳು ಕೆಂಪಾಯಿತು. ಸಾಸು ಕಹಿ. ಧನಶ್ರೀಗೆ ಕೊಡಲಿಲ್ಲ. ಇವರ ತಟ್ಟೆಗೆ ಹಾಕಿದೆ. ತಿಂದರು, ತಟ್ಟೆ ಬಳಿದು.

ಆ ದಿನದಿಂದ ಇವರೊಂದಿಗೆ ಬೇಕಾದಷ್ಟೇ ಮಾತು. ಚಹಾ ಆಯಿತು, ಗುಳಿಗೆ ತಗೊಳ್ಳಿ, ಬಾಗಿಲು ಹಾಕಿ. ಸಿಟ್ಟು ಇದೆ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ತಿಳಿಯಬೇಕಿತ್ತು. ಇವತ್ತು ಕೇಳಿದೆ.

"ಆ ಡಾಕ್ಟರು ಖರೇ ಏನಂದ್ರು? ನಿಮ್ಮ ಮಾತಿನಾಗ ಬ್ಯಾಡ. ಅವರು ಅಂದದ್ದನ್ನ ಹೇಳ್ರಿ."

ಪೇಪರಿನ ಅಂಚು ಮಡಿಚುತ್ತ ಕೂತರು. ಮರೆತಿರಬೇಕು ಅಂದುಕೊಂಡೆ. ಮರೆತಿರಲಿಲ್ಲ.

"ಕಾಳು ಜೊಳ್ಳಿತ್ತು, ಮೊಳಕಿ ನಿಲ್ಲಲಿಲ್ಲ. ಹೊಲದ್ದೇನ ತಪ್ಪಿಲ್ಲ, ಅಂದ್ರು."

"ಮತ್ತ?"

"ಹೋಗಿ ಆಕಿಗೆ ಹೇಳು, ಪಾಪ ಒಬ್ಬಾಕೀನ ಅಳ್ಳಿಕ್ಕತ್ತಾಳ... ಅಂದ್ರು."

ಇವರ ಕಣ್ಣು ನೆಲದ ಮೇಲಿತ್ತು. ನನ್ನದೂ. ಆ ಮಾತು ಅವತ್ತೇ ನನಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತ ಕೂತೆ. ಅತ್ತೆ ನಂಬುತ್ತಿರಲಿಲ್ಲ. ಅದು ಬೇರೆ. ನಾನು ನಂಬುತ್ತಿದ್ದೆ.

ಜುಲೈ 19

ಈಗ ಕೈ ಕುದುರಿದೆ. ಸುಟ್ಟ ಬದನೆಕಾಯಿಗೆ ಕಲಸಿದೆ, ನಮ್ಮ ಬದನೆಕಾಯಿ ಭರ್ತಾದ ಅಣ್ಣತಮ್ಮ ಅನ್ನಬೇಕು. ಸೌತೆಕಾಯಿಗೂ ಚಲೋ. ಲಿಂಬೆಯ ಬದಲು ಇಲ್ಲಿಯ ಹುಳಿಕಾಯಿ ಬಿಂಬಲಿ ಹಿಂಡಿದೆ — ಬೇಡ, ಹುಳಿ ಕಿವಿಗೆ ಹತ್ತಿತು. ಪರ್ವೇಜ ರುಚಿ ನೋಡಿ "ಕಾಕೂ, ನೀವು ಗಾಡಿ ಮ್ಯಾಲೆ ಬರ್ರಿ" ಅಂದ. ಧನಶ್ರೀಯ ವಾಂತಿ ನಿಂತಿದೆ. ಗಲ್ಲಕ್ಕೆ ಬಣ್ಣ ಬಂದಿದೆ.

ಅಕ್ಟೋಬರ್ 5, ಭಾನುವಾರ

ಎಷ್ಟು ದಿನವಾಯಿತು ಬರೆಯದೆ. ಇವತ್ತು ಬರೆಯಲೇಬೇಕು.

ಧನಶ್ರೀಯ ಕುಬಸ, ಏಳನೇ ತಿಂಗಳ ಸೀಮಂತ. ಹಸಿರು ಸೀರೆ, ಹಸಿರು ಬಳೆ. ಬೀಗರು ಬಂದಿದ್ದರು, ಧಾರವಾಡದಿಂದ ಇವರ ಅಕ್ಕ ಬಂದಿದ್ದರು. ಫರ್ಹೀನ ಬಂದು ಎಲ್ಲರ ಜೊತೆ ಕೂತಳು. ಧನಶ್ರೀ ಕೇಳಿದ್ದಳೆಂದು ಬದನೆಕಾಯಿಯ ಜೊತೆ ಬಿಳಿ ಸಾಸು ಮಾಡಿದ್ದೆ. ಬಡಿಸುವಾಗ ಅಕ್ಕ ಕೇಳಿದರು, "ಇದೇನ ಬೆಳ್ಳಗ?"

"ಎಳ್ಳಿಂದು" ಅಂದೆ.

ಅಕ್ಕ ಕೈ ಹಿಂದೆ ತಗೊಂಡರು. "ಬಸುರಿ ಹುಡುಗಿಗೆ ಎಳ್ಳ? ಯಮುನಾ, ನಿನಗ ಒಮ್ಮೆ ಆದದ್ದು ಸಾಲಲಿಲ್ಲೇನು?"

ಎಲ್ಲರೂ ನನ್ನತ್ತ ನೋಡಿದರು. ಬೀಗಿತ್ತಿಯೂ. ನನಗೆ ಬಾಯಿ ಇತ್ತು, ಮಾತೂ ಇತ್ತು. ಡಾಕ್ಟರ್ ಹೇಳಿದ್ದನ್ನು ಹೇಳಬೇಕು ಅಂತ ತಟ್ಟೆ ಕೆಳಗಿಟ್ಟೆ. ಅಷ್ಟರಲ್ಲಿ ಇವರು. ಕೈಯಲ್ಲಿ ಚಟ್ನಿಯ ಬೋಗುಣಿ, ನಲ್ಲಿ ನೀರಿನ ಸಾಲಿನಲ್ಲಿ ನಿಂತವರ ಹಾಗೆ ನಿಂತಿದ್ದರು.

"ಅಕ್ಕಾ, ಅದು ಎಳ್ಳಿಂದ ಆದದ್ದಲ್ಲ. ಯಮುನಾನಿಂದನೂ ಅಲ್ಲ. ಡಾಕ್ಟರ್ ಅವತ್ತ ನಂಗ ಹೇಳಿದ್ರು. ಆಕಿಗೆ ಹೇಳಂತನೂ ಅಂದ್ರು. ನಾ ಅವ್ವಗ ಹೆದರಿ ಬಾಯಿ ಮುಚಕೊಂಡೆ."

ಬೋಗುಣಿ ವಾಲಿ ಚಟ್ನಿ ಚೆಲ್ಲಿ ಇವರ ಅಂಗಿಯ ಮೇಲೆ ಬಿತ್ತು. ಅಮೇಯ ಎದ್ದು ಬೋಗುಣಿ ತಗೊಂಡ. ಮಗನಿಗೆ ಗೊತ್ತಾದದ್ದು ಹೀಗೆ.

ಅಕ್ಕ ಕೇಳಿದರು, "ಅವ್ವಗ ಗೊತ್ತಿತ್ತೇನು ರಘೋತ್ತಮಾ?"

"ಇಲ್ಲ. ಆಕಿಗೂ ಹೇಳಲಿಲ್ಲ."

ಅಕ್ಕ ಸಾಸು ಮುಟ್ಟಲಿಲ್ಲ. ಧನಶ್ರೀ "ಅತ್ತಿ, ನಂಗ ಇನ್ನಷ್ಟು ಹಾಕ್ರಿ" ಅಂತ ತಟ್ಟೆ ಮುಂದೆ ಮಾಡಿದಳು. ಹಾಕಿದೆ.

ಇಂಥ ದಿನ ಬಂದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಗುರಾಗಿದೆ, ಸುಳ್ಳಲ್ಲ. ಸಿಟ್ಟು ಪೂರ್ತಿ ಹೋಗಿದೆಯೇ ಅಂದರೆ ಹೋಗಿಲ್ಲ. ಎರಡೂ ಒಟ್ಟಿಗೆ ಇರಬಹುದು ಅಂತ ಇವತ್ತು ಗೊತ್ತಾಯಿತು.

ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ

ಅಕ್ಕನನ್ನು ಅಮೇಯ ರೈಲಿಗೆ ಬಿಟ್ಟು ಬಂದ. ಹೊರಡುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು ನಿಂತರು, ಏನೋ ಅನ್ನಲು ಹೋಗಿ "ಆರಾಮಿರು" ಅಂದರು ಅಷ್ಟೇ.

ಚಹಾ ಕುಡಿದ ಮೇಲೆ ಇವರು ಲೋಟ ಹಿಡಿದು ಅಲ್ಲೇ ನಿಂತಿದ್ದರು. "ಸಾಸು ಮುಗದದ. ಇವತ್ತ ನಾ ಮಾಡ್ಲ್ಯಾ? ನೀ ಕೂತು ಹೇಳು."

"ಹೇಳೂದಿಲ್ಲ. ಮಾಡಿ ನೋಡ್ರಿ" ಅಂದೆ.

ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಮದುವೆಯಾದಾಗಿನಿಂದ ಇವರು ಗ್ಯಾಸ್ ಹಚ್ಚಿದ್ದು ಹಾಲು ಕಾಯಿಸಲು ಮಾತ್ರ. ಬಾಣಲೆ ಬಿದ್ದ ಸದ್ದು. ಯಾವುದೋ ಡಬ್ಬಿ ತೆಗೆದರು, ಮುಚ್ಚಿದರು. ಈಗ ಹುರಿದ ವಾಸನೆ ಬರುತ್ತಿದೆ, ಹದವಾಗಿಯೇ ಇದೆ. ಕಲಿತದ್ದು ಯಾವಾಗ, ನಾನು ಮಾಡುವುದನ್ನು ನೋಡುತ್ತ ನಿಂತಾಗಲೇ? ಮಿಕ್ಸರ್ ಎತ್ತಿಟ್ಟರು. ಪ್ಲಗ್ ಹಾಕಿದರು. ಮುಚ್ಚಳದ ಮೇಲೆ ಕೈ ಒತ್ತಿ ಹಿಡಿಯದಿದ್ದರೆ ಎಲ್ಲ ಗೋಡೆಗೆ ಹಾರುತ್ತದೆ ಅಂತ ಹೇಳಿಯೇ ಇಲ್ಲ, ತಡಿ —