ಅಳತೆ ರವಿಕೆ

ಸಂಸೆ
೨೪-೯-೧೯೯೯

ಪ್ರೀತಿಯ ಅಮ್ಮನಿಗೆ,

ನಿನ್ನ ಭಾವನಾ ಮಾಡುವ ನಮಸ್ಕಾರ. ಬೆಳಗಿನ ನಡಿಗೆ ಬಿಟ್ಟಿಲ್ಲ ತಾನೆ ಎಂದು ಪ್ರತಿ ಪತ್ರದಲ್ಲೂ ಕೇಳುತ್ತೀಯ. ನಾನು ಮಳೆಯ ಸುದ್ದಿ ಬರೆದು ಜಾರಿಕೊಳ್ಳುತ್ತಿದ್ದೆ. ಬಿಟ್ಟಿದ್ದೇನೆ ಅಮ್ಮ. ಮದುವೆಯಾಗಿ ಬಂದ ವಾರದಲ್ಲೇ ಬಿಟ್ಟೆ. ಗೌರಿ ಹಬ್ಬಕ್ಕೆ ಕರೆದಾಗ ಬಸ್ಸಿಲ್ಲ ಎಂದದ್ದೂ ಸುಳ್ಳು.

ಆವತ್ತು ಕಳಸದ ರಸ್ತೆಯಲ್ಲಿ ಒಬ್ಬಳೇ ಬಿರುಸಾಗಿ ನಡೆಯುತ್ತಿದ್ದೆ. ಇವರ ಚಿಕ್ಕಪ್ಪ ಜೀಪು ನಿಲ್ಲಿಸಿದರು. ಸುಮ್ಮನೆ ನಡೆಯಲು ಬಂದೆ ಎಂದರೆ ನಂಬಲಿಲ್ಲ. ಹೊಸ ಸೊಸೆ ಮುನಿಸಿಕೊಂಡು ತವರಿಗೆ ಹೊರಟಿದ್ದಾಳೆಂದೇ ತಿಳಿದು, ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಾ ಮನೆಗೆ ತಂದು ಬಿಟ್ಟರು. ನಾನೇನು ಕಡಿಮೆ ಮಾಡಿದೆ ಎಂದು ಅತ್ತೆ ಕಣ್ಣೀರು ಹಾಕಿದರು. ಆಮೇಲೆ ನಾನು ಒಬ್ಬಳೇ ಗೇಟು ದಾಟಿಲ್ಲ.

ಊಟವೂ ಹಾಗೆಯೇ. ನೀನು ಸಂಜೆಯೇ ಎರಡು ಚಪಾತಿ, ಒಂದು ಬಟ್ಟಲು ಪಲ್ಯ ಕೊಟ್ಟು, ಸಾಕು ಏಳು ಎನ್ನುತ್ತಿದ್ದೆ. ನಾನು ಗೊಣಗಿಕೊಂಡೇ ಏಳುತ್ತಿದ್ದೆ. ಹಾಗೇ ಮೈ ಇಳಿದು, ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಮಾತ್ರೆ ಬೇಡ, ಈ ಅಭ್ಯಾಸ ಮಾತ್ರ ಬಿಡಬೇಡಿ ಎಂದು ಮೂಡಿಗೆರೆ ಡಾಕ್ಟರು ಹೇಳಿದಾಗ ನೀನು ಅಲ್ಲೇ ನನ್ನ ಕೆನ್ನೆ ಸವರಿದ್ದೆ.

ಇಲ್ಲಿ ಗಂಡಸರೆಲ್ಲ ಉಂಡ ಮೇಲೆ ಅತ್ತೆ, ನಾನು ಕೂರುತ್ತೇವೆ. ಉಳಿದ ಅನ್ನ, ಕಡುಬು, ಪಾಯಸ ಎಲ್ಲ ನಮ್ಮ ಎಲೆಗೆ. ಚೆಲ್ಲುವಂತಿಲ್ಲ. ಅತ್ತೆ ಪ್ರೀತಿಯಿಂದಲೇ ಬಡಿಸುತ್ತಾರೆ. ಬೇಡವೆಂದರೆ ಮುಖ ಸಣ್ಣದಾಗುತ್ತದೆ. ಅವರೂ ಸೊಸೆಯಾಗಿ ಬಂದಾಗಿನಿಂದ ಹೀಗೇ ಉಂಡವರು. ಅವರಿಗೂ ಸಕ್ಕರೆ. ಈ ಬೇಸಿಗೆಯಲ್ಲಿ ಕಾಲಿನ ಹೆಬ್ಬೆರಳು ತೆಗೆದರು. ದಿನಾ ಗಾಯ ತೊಳೆದು ಬಟ್ಟೆ ಕಟ್ಟುವವಳು ನಾನೇ.

ಇವರಿಗೆ ಹೇಳಿದೆ. ಅಮ್ಮನ ಮನಸ್ಸು ನೋಯಿಸಬೇಡ, ಒಂದು ತುತ್ತಿಗೆ ಏನಾಗುತ್ತದೆ ಎಂದರು.

ಕಳಸದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೊದಲಿಗಿಂತ ಹೆಚ್ಚಾಗಿದೆ. ಮಾತ್ರೆ ಶುರುವಾಗಿದೆ. ಮತ್ತೆ ಮೊದಲಿನಿಂದ ಆರಂಭಿಸು ಎಂದು ಬರೆಯುತ್ತೀಯ, ಗೊತ್ತು. ಎಲ್ಲಿಂದ ಆರಂಭಿಸಲಿ? ನನ್ನ ಕೈಲಾಗುತ್ತಿಲ್ಲ ಅಮ್ಮ. ಅತ್ತೆಯ ಕಾಲು ತೊಳೆಯುವಾಗ ನನ್ನ ಕಾಲನ್ನೇ ನೋಡಿದಂತಾಗಿ ಹೆದರಿಕೆಯಾಗುತ್ತದೆ.

ನನ್ನನ್ನು ನೋಡಲು ಬರಬೇಡ. ಅಪ್ಪನಿಗೆ ಚೆನ್ನಾಗಿದ್ದಾಳೆ ಎಂದಷ್ಟೇ ಹೇಳು.

ನಿನ್ನ ಮಗಳು,
ಭಾವನಾ

ತಾ.ಕ.: ದೀಪಾವಳಿ ಸೀರೆಗೆ ಅಳತೆ ರವಿಕೆ ಕೇಳಿದ್ದೆಯಲ್ಲ, ಇದರ ಜೊತೆ ಕಳಿಸಿದ್ದೇನೆ. ನೀನು ಹೊಲಿದುಕೊಟ್ಟ ಯಾವುದೂ ಈಗ ತೋಳಿಗೆ ಏರುವುದಿಲ್ಲ. ಇದು ಅತ್ತೆಯದು. ಹಾಕಿ ನೋಡಿದೆ, ನನಗೆ ಸರಿಯಾಗಿ ಆಗುತ್ತದೆ.