ಹೊಗೆ ಪೆಟ್ಟಿಗೆ ಶನಿವಾರ ಬರುತ್ತದೆ

ಶೆಟ್ಟಿಕೆರೆ
೨೩-೧೦-೨೦೨೫, ಗುರುವಾರ

ಮೀನಾಳಿಗೆ ನಿನ್ನ ಅತ್ತೆ ರಂಗಕ್ಕ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಹಸು ಕ್ಷೇಮ, ತೋಟ ಕ್ಷೇಮ, ಅಟ್ಟದ ಮೇಲಿನ ಕೊಬ್ಬರಿ ಕ್ಷೇಮ. ಉಳಿದವರ ವಿಷಯ ಆಮೇಲೆ. ನೀನು ಫೋನು ಎತ್ತುತ್ತಿಲ್ಲ, ಎತ್ತಿದರೂ ನನಗೆ ಕಿವಿ ಮಂದ. ಜೋರಾಗಿ ಇಟ್ಟುಕೊಂಡು ಮಾತಾಡಿದರೆ ನಿನ್ನ ಗಂಡ ತಿಮ್ಮರಾಜು ಕೊಟ್ಟಿಗೆಯಲ್ಲಿದ್ದರೂ ಕೇಳಿಸಿಕೊಳ್ಳುತ್ತಾನೆ. ಅದಕ್ಕೆ ಕಾಗದ. ಪಕ್ಕದ ಮನೆಯ ಭೂತಮ್ಮ ನಾಳೆ ನಿಮ್ಮೂರು ಕಂದಿಕೆರೆಗೆ ಮಗಳ ಮನೆಗೆ ಹೊರಟಿದ್ದಾಳೆ, ಅವಳ ಕೈಲಿ ಕೊಡುತ್ತಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ, ಅದೂ ಒಂದು ಅನುಕೂಲವೇ.

ಮುಖ್ಯ ಮಾತು ಇಷ್ಟು. ನೀನು ಕೋಳಿ, ಮಾಂಸ ಬೇಯಿಸಿ ಮಾರುವ ಆ ಹೊಗೆ ಪೆಟ್ಟಿಗೆಯನ್ನು ಶನಿವಾರ ರಂಗರಾಜುವಿನ ಲಗೇಜ್ ಆಟೋದಲ್ಲಿ ಕಳಿಸುತ್ತಿದ್ದೇನೆ. ಮೀನಾ ಇನ್ನು ಇಲ್ಲೇ ವ್ಯಾಪಾರ ಮಾಡಿಕೊಳ್ಳುತ್ತಾಳೆ, ಅವಳ ಗ್ರಿಲ್ಲು ಕಳಿಸಿಬಿಡಿ ಎಂದು ನಿಮ್ಮಮ್ಮ ಗಂಗಕ್ಕ ಹೇಳಿಕಳಿಸಿದ್ದರಲ್ಲ, ತಿಮ್ಮರಾಜು ಆಗ ಒಪ್ಪಲಿಲ್ಲ. “ಇಲ್ಲೇ ಇರ್ಲಿ ಬುಡವ್ವ, ಅದಿದ್ರೆ ಒಂದಲ್ಲ ಒಂದಿನ ಅವ್ಳೇ ಬತ್ತಾಳೆ” ಎಂದ. ಕರು ಕಟ್ಟಿಹಾಕಿದರೆ ಹಸು ತಾನಾಗಿ ಮನೆಗೆ ಬರುತ್ತದೆ ಎನ್ನುವ ಲೆಕ್ಕ. ಕಟ್ಟಿಕೊಂಡವಳಿಗೂ ಕಟ್ಟಿಹಾಕಿದ್ದಕ್ಕೂ ವ್ಯತ್ಯಾಸ ಇದೆ ಕಣಪ್ಪ ಎಂದೆ. ಪೆಟ್ಟಿಗೆ ನಿನ್ನದು. ಮದುವೆಗೆ ಮುಂಚೆ ನೀನು ಕೆಲಸ ಮಾಡುತ್ತಿದ್ದ ರೆಸಾರ್ಟಿನವರು ಬಾಗಿಲು ಹಾಕುವಾಗ ನಿನ್ನ ಸಂಬಳದಲ್ಲೇ ಕೊಂಡುಕೊಂಡದ್ದು. ನೀನು ಇರುವ ಕಡೆ ಅದಿರುವುದು ನ್ಯಾಯ, ಅದಿರುವ ಕಡೆ ನೀನು ಬರಬೇಕು ಎನ್ನುವುದಲ್ಲ.

ಈಗ ಪೆಟ್ಟಿಗೆಯ ಆರೋಗ್ಯ. ಆಯುಧಪೂಜೆಯ ದಿನ ಅವನು ಟ್ರ್ಯಾಕ್ಟರು, ಬೈಕು, ಮೋಟಾರು ಎಲ್ಲಕ್ಕೂ ಪೈಪು ಹಿಡಿದು ತೊಳೆದ ಹಾಗೆಯೇ ಅದಕ್ಕೂ ಹಿಡಿದ. ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ಬೂದುಗುಂಬಳ ಒಡೆದ. ಕಬ್ಬಿಣದ್ದು ಏನಿದ್ದರೂ ತೊಳೆದರೆ ಒಳ್ಳೆಯದೇ ಆಗುತ್ತದೆ ಎನ್ನುವುದು ನಮ್ಮವರ ಬುದ್ಧಿ. ಪೆಲೆಟ್ ಸುರಿಯುವ ತೊಟ್ಟಿಯ ಮುಚ್ಚಳ ತೆಗೆದು ಅದರೊಳಕ್ಕೂ ನೀರು ಬಿಟ್ಟಿದ್ದನಂತೆ. ಒಳಗಿದ್ದದ್ದು ಒತ್ತಿ ಮಾಡಿದ ಮರದ ಹೊಟ್ಟು, ನೀರು ಕುಡಿದು ಉಬ್ಬಿ, ಆಮೇಲೆ ಒಣಗಿ ಕಲ್ಲಾಯಿತು. ಪೆಲೆಟ್ಟನ್ನು ಬೆಂಕಿಯ ಕಡೆ ತಳ್ಳುವ ಸ್ಕ್ರೂ ಅದರ ಮಧ್ಯೆ ಸಿಕ್ಕಿಕೊಂಡಿತು. ಇದೆಲ್ಲ ನಿನಗೆ ಗೊತ್ತಿರುವುದೇ, ಹಬ್ಬದ ಮುಂದಿನ ಭಾನುವಾರ ಬೀಗರೂಟಕ್ಕೆ ಒಪ್ಪಿಕೊಂಡಿದ್ದ ಮಾಂಸವನ್ನು ಮಸಾಲೆ ಹಚ್ಚಿಟ್ಟುಕೊಂಡು ಗುಂಡಿ ಒತ್ತಿ ಒತ್ತಿ ನೋಡಿದವಳು ನೀನು. ನನಗೆ ಎಷ್ಟು ಅರ್ಥವಾಗಿದೆ ಎಂದು ನಿನಗೆ ತಿಳಿಯಲಿ ಎಂದು ಬರೆದೆ.

ನೀನು ಮನೆ ಬಿಟ್ಟದ್ದು ನೀರು ಬಿಟ್ಟದ್ದಕ್ಕಲ್ಲ ಎನ್ನುವುದೂ ನನಗೆ ಗೊತ್ತು. ಮಾಂಸ ಒಯ್ಯಲು ಪಾತ್ರೆ ಹಿಡಿದು ಬಂದವರ ಎದುರಿಗೆ ಅವನು, “ನಾನು ಜಾಗ ಕೊಟ್ಟಿದ್ದಕ್ಕಲ್ವಾ ನಿನ್ ಡಬ್ಬಿ ಇಲ್ಲಿ ನಿಂತಿರೋದು” ಎಂದನಲ್ಲ, ಅದಕ್ಕೆ. ಅವನು ಡಬ್ಬಿಗೆ ಹೇಳಿದ್ದು ಎಂದು ಇವತ್ತಿಗೂ ವಾದಿಸುತ್ತಾನೆ. ಸೊಸೆಯಾಗಿ ಬಂದ ಯಾವ ಹೆಂಗಸಿಗಾದರೂ ಅದು ಎಲ್ಲಿ ತಾಗುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಮಾವ ಕೆಂಚಪ್ಪನವರು ಸಿಟ್ಟಿನ ಮನುಷ್ಯ, ತಟ್ಟೆ ಎಸೆದಿದ್ದಾರೆ, ಮಾತು ಬಿಟ್ಟಿದ್ದಾರೆ, ಆದರೆ ಸಾಯುವವರೆಗೆ ಈ ಮಾತು ಆಡಲಿಲ್ಲ. ಬಂದವರು ಹೋದ ಮೇಲೆ ಅವನನ್ನು ಕೂರಿಸಿಕೊಂಡು ಕೇಳಿದೆ, ನಾನೂ ಹೊರಗಿನಿಂದ ಬಂದವಳೇ ಕಣಪ್ಪ, ನನಗೆ ಯಾವಾಗ ಜಾಗದ ಲೆಕ್ಕ ಹೇಳುತ್ತೀಯ ಎಂದು. ಎದ್ದು ತೋಟಕ್ಕೆ ಹೋದ.

ಅವನ ಒಳ್ಳೆಯದನ್ನೂ ಬರೆಯಬೇಕು, ಇಲ್ಲದಿದ್ದರೆ ಹೆತ್ತ ಹೊಟ್ಟೆ ಸುಮ್ಮನಿರುವುದಿಲ್ಲ. ಮಾರನೆಯ ದಿನ ಪಂಪು ರಿಪೇರಿಯ ಮಾರಯ್ಯನನ್ನು ಕರೆತಂದು ಬೋಲ್ಟು ಬಿಚ್ಚಿಸಿ ಸ್ಕ್ರೂ ಹೊರಗೆ ಎಳೆಸಿದ. ಮಾರಯ್ಯ ಇದು ನನ್ನ ಕೈಲಾಗದು ಎಂದು ಕಾಫಿ ಕುಡಿದು ಹೋದ. ಆಮೇಲೆ ಇವನೇ ಜಗಲಿಯ ಮೇಲೆ ಕೂತು, ಆ ಕೊಳವೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಟ್ಟಿಯಾದ ಹೊಟ್ಟನ್ನು ಸ್ಕ್ರೂಡ್ರೈವರಿನಿಂದ ಕೆರೆದು ಕೆರೆದು ತೆಗೆದ. ಊಟಕ್ಕೂ ಏಳಲಿಲ್ಲ. ತೆಗೆದು ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, “ಸರಿ ಆಯ್ತಲ್ಲವ್ವ, ಫೋನ್ ಮಾಡಿ ಬರಕ್ಕೇಳು” ಎಂದ. ನೀನೇ ಹೋಗಿ ಕರಿ ಎಂದದ್ದಕ್ಕೆ, ಅವಳಾಗಿ ಹೋದವಳು ಅವಳಾಗಿ ಬರಲಿ ಎಂದ. ಕೊಳವೆ ಕೆರೆದಷ್ಟು ಸುಲಭಕ್ಕೆ ಅವನ ತಲೆ ಸರಿಯಾಗುವುದಿಲ್ಲ.

ಮುಂದಿನದು ಓದಿ ನಿಮ್ಮಮ್ಮನಿಗೆ ಹೇಳಬೇಡ, ಊರೆಲ್ಲ ಹಬ್ಬುತ್ತದೆ. ಅದರ ಮುಂದಿನ ಭಾನುವಾರ ಚಿಕ್ಕನಾಯಕನಹಳ್ಳಿಯ ಮೇಷ್ಟ್ರು ಕೋಳಿ ಬೇಕು ಎಂದು ಫೋನು ಮಾಡಿದರು. ಮೀನಾ ಇಲ್ಲ ಎನ್ನಲು ಇವನಿಗೆ ಬಾಯಿ ಬರಲಿಲ್ಲ, ಆಯ್ತು ಬನ್ನಿ ಸಾರ್ ಎಂದುಬಿಟ್ಟ. ಅಟ್ಟ ಹತ್ತಿ ಒಂದು ಚೀಲ ಇಳಿಸಿ, ತೊಟ್ಟಿಗೆ ಸುರಿದು, ಬೆಂಕಿ ಹಚ್ಚಿದ. ಸ್ವಲ್ಪ ಹೊತ್ತಿಗೆ ಕಪ್ಪು ಹೊಗೆ, ಬೆಲ್ಲ ಸೀದ ವಾಸನೆ. ಕೊಟ್ಟಿಗೆಯಿಂದ ಹಸು ಹಗ್ಗ ಜಗ್ಗಿ ಕೂಗಲು ಶುರುಮಾಡಿತು, ಅದರ ಮೂಗಿಗೆ ಮೊದಲು ತಿಳಿಯಿತು. ಸುರಿದಿದ್ದು ಹಸುವಿನ ಫೀಡು. ಅದೂ ಪೆಲೆಟ್ಟಿನ ಹಾಗೇ ಕಡ್ಡಿ ಕಡ್ಡಿಯಾಗಿ ಇರುತ್ತದೆ, ನಿಜ, ಆದರೆ ದಿನಾ ಎರಡು ಹೊತ್ತು ಕೈಯಾರೆ ಹಸುವಿಗೆ ಹಾಕುವವನಿಗೆ ತಿಳಿಯಬೇಡವೇ. ಮೇಷ್ಟ್ರು ಬಂದು, ಮೂಸಿ ನೋಡಿ, “ಪರವಾಗಿಲ್ಲ ಬಿಡಿ ತಿಮ್ಮರಾಜು, ಮೇಡಂ ಬಂದ ಮೇಲೇ ಬರ್ತೀನಿ” ಎಂದು ಖಾಲಿ ಡಬ್ಬಿ ಹಿಡಿದು ಬಸ್ಸು ಹತ್ತಿದರು. ಆ ಮಾತು ಇವನಿಗೆ ನಾಟಿತು. ಅವತ್ತು ರಾತ್ರಿ ಉಣ್ಣಲಿಲ್ಲ.

ಎರಡನೆಯ ಸಲ ಶುದ್ಧ ಮಾಡಿದವಳು ನಾನು. ಫೀಡು ಬಿಸಿಗೆ ಕರಗಿ ಅಂಟಾಗಿತ್ತು. ಸ್ಕ್ರೂವನ್ನು ಮತ್ತೆ ಬಿಚ್ಚಿಸಿ, ನೀರು ತಾಗಿಸದೆ ಒಣ ಬಟ್ಟೆಯಲ್ಲಿ ಉಜ್ಜಿದೆ. ಬೆಂಕಿಯ ಬಟ್ಟಲಿನ ಬೂದಿಯನ್ನು ಚಮಚದಲ್ಲಿ ಬಳಿದು, ಉಳಿದದ್ದನ್ನು ಊದುಗೊಳವೆಯಲ್ಲಿ ಊದಿದೆ. ಅರ್ಧ ನನ್ನ ಮುಖಕ್ಕೇ ಬಂತು. ಜಿಡ್ಡು ಇಳಿಯುವ ತಗಡನ್ನು ಕೆರೆದು ಹೊಸ ಫಾಯಿಲ್ ಹಾಸಿದ್ದೇನೆ. ಜಿಡ್ಡು ಕೂಡಿಟ್ಟರೆ ಅದಕ್ಕೇ ಬೆಂಕಿ ಹತ್ತುತ್ತದೆ ಎಂದು ನೀನು ಹೇಳಿದ್ದು ನೆನಪಿತ್ತು. ಶಾಖ ಅಳೆಯುವ ಕಡ್ಡಿಯನ್ನೂ ಒರೆಸಿದೆ. ಆಮೇಲೆ ಏನೂ ಇಡದೆ ಜೋರು ಶಾಖದಲ್ಲಿ ಬರಿದೇ ಉರಿಸಿ, ವಾಸನೆ ಹೋಗುವವರೆಗೆ ಕಾದೆ. ಈಗ ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಮುಚ್ಚಳದ ಬಲಗಡೆ ಮೂಲೆಯಲ್ಲಿ ಸ್ವಲ್ಪ ಹೊಗೆ ಸೋರುತ್ತದೆ, ಅದೊಂದು ನೀನು ನೋಡಿಕೊಳ್ಳಬೇಕು.

ಹೋದ ಭಾನುವಾರ ನಾನೇ ಹಚ್ಚಿದೆ. ಮೇಷ್ಟ್ರಿಗೆ ಹೇಳಿಕಳಿಸಿ, ಎರಡು ಕೋಳಿ ನಿನ್ನ ಮಸಾಲೆಯಲ್ಲಿ ಮಾಡಿಕೊಟ್ಟೆ. ಖಾರ ಮಾತ್ರ ಕಡಿಮೆ ಹಾಕಿದೆ, ನೀನು ಹಾಕುವುದು ಅತಿ. ಅಡುಗೆಯ ನಡುವೆ ಕರೆಂಟು ಹೋಯಿತು. ಬೆಂಕಿ ಹಿಂದಕ್ಕೆ ಪೆಲೆಟ್ಟಿನ ಕಡೆ ಹೋಗದಂತೆ ಫ್ಯಾನು ತಿರುಗುತ್ತಿರಬೇಕಲ್ಲ, ನೀನು ಜೋಡಿಸಿದ್ದ ಯುಪಿಎಸ್ ಕೈ ಹಿಡಿಯಿತು. ಮೇಷ್ಟ್ರು ತಿಂದು ನೋಡಿ, ಹೊಗೆ ಸರಿಯಾಗಿದೆ, ಉಪ್ಪು ಸಪ್ಪೆ ಎಂದರು. ಉಪ್ಪಿನ ಮಾತು ಒಪ್ಪುತ್ತೇನೆ.

ಒಂದು ಮಾತು ಮುಚ್ಚಿಡದೆ ಬರೆಯುತ್ತೇನೆ. ನೀನಿಲ್ಲದೆ ನನಗೆ ಬೇಜಾರು. ಭಾನುವಾರ ಬೆಳಗ್ಗೆ ನೀನು ಪೆಟ್ಟಿಗೆ ಹಚ್ಚಿ, ಕಾಫಿ ಲೋಟ ನನ್ನ ಕೈಗಿಟ್ಟು, ಹೊಗೆ ಇನ್ನೂ ದಟ್ಟ ಬಿಳಿ ಇದೆಯಾ, ತೆಳ್ಳಗೆ ನೀಲಿಗೆ ತಿರುಗಿತಾ ನೋಡಿ ಹೇಳು ಅತ್ತೆ ಎನ್ನುತ್ತಿದ್ದೆ. ನೀಲಿಗೆ ತಿರುಗಿತು ಎಂದು ನಾನು ಹೇಳಿದ ಮೇಲೆಯೇ ಮಾಂಸ ಇಡುತ್ತಿದ್ದೆ. ಈ ಮನೆಗೆ ಬಂದಾಗಿನಿಂದ ಬೇಯಿಸು, ಬಡಿಸು, ಬಳಿ ಎಂದವರಿದ್ದಾರೆ, ನೋಡಿ ಹೇಳು ಎಂದವರು ಯಾರೂ ಇರಲಿಲ್ಲ. ಮೊನ್ನೆ ಭಾನುವಾರ ಒಬ್ಬಳೇ ನಿಂತು ಹೊಗೆ ನೋಡಿ, ನೀಲಿಗೆ ತಿರುಗಿತು ಎಂದು ಗಟ್ಟಿಯಾಗಿಯೇ ಹೇಳಿದೆ. ಹಸು ತಿರುಗಿ ನೋಡಿತು, ಅಷ್ಟೇ. ಅಳು ಬಂತು.

ಅವತ್ತೇ ತೀರ್ಮಾನ ಮಾಡಿ, ಪೆಟ್ಟಿಗೆ ಶನಿವಾರ ಹೊರಡುತ್ತದೆ ಎಂದು ತಿಮ್ಮರಾಜುವಿಗೆ ಹೇಳಿದೆ. “ಕಳಿಸಿಬಿಟ್ರೆ ಅವ್ಳು ಬರಕ್ಕೆ ಏನಿರ್ತದವ್ವ ಇಲ್ಲಿ” ಎಂದ. ಏನಿದೆ ಎಂದು ನೀನೇ ಯೋಚಿಸಿಕೊ ಎಂದೆ. ದೀಪಾವಳಿಗೆ ಅತ್ತೆ ಮನೆಗೆ ಹೋಗದ ಅಳಿಯ ಈ ತಾಲ್ಲೂಕಿನಲ್ಲಿ ಇವನೊಬ್ಬನೇ ಇರಬೇಕು. ಆದರೆ ಆ ದಿನದಿಂದ ಅವನು ಎದುರು ಮಾತಾಡಿಲ್ಲ. ನಿನ್ನೆ ತಾನೇ ಚಕ್ರಗಳಿಗೆ ಗ್ರೀಸು ಹಾಕಿದ.

ಅಲ್ಲಿ ಇಳಿಸಿಕೊಂಡ ಮೇಲೆ ತೆಂಗಿನ ಮರದ ಕೆಳಗೆ ನಿಲ್ಲಿಸಬೇಡ, ಗರಿಯೋ ಕಾಯೋ ಬಿದ್ದರೆ ಮುಚ್ಚಳ ನಜ್ಜುಗುಜ್ಜಾಗುತ್ತದೆ. ಹುಲ್ಲಿನ ಮೆದೆಯ ಹತ್ತಿರವೂ ಬೇಡ. ಹಿತ್ತಿಲಿನಲ್ಲಿ ಶೀಟು ಹೊದಿಸಿದ ಕಡೆ, ಗೋಡೆಯಿಂದ ದೂರಕ್ಕೆ ನಿಲ್ಲಿಸು. ಉಳಿದ ಪೆಲೆಟ್ ಚೀಲಗಳನ್ನೂ ಏರಿಸುತ್ತೇನೆ. ಅಟ್ಟದಲ್ಲಿ ಕೊಬ್ಬರಿಯ ಪಕ್ಕ ಇದ್ದವು, ತೇವ ತಾಗಿಲ್ಲ. ಫೀಡಿನ ಚೀಲ ಇಲ್ಲೇ ಇರುತ್ತದೆ, ಹೆದರಬೇಡ. ತಿರುಗಿ ಬಾ ಎಂದು ನಾನು ಈ ಕಾಗದದಲ್ಲಿ ಬರೆಯುವುದಿಲ್ಲ. ಆ ಮಾತು ಆಡಬೇಕಾದವನು ಬೇರೆ ಇದ್ದಾನೆ, ಅದಕ್ಕೆ ಮೊದಲು ಅವನು ಆಡಬೇಕಾದ ಮಾತು ಇನ್ನೊಂದಿದೆ.

ಗಂಗಕ್ಕನವರಿಗೆ ನಾನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ಇತಿ ನಿನ್ನ ಅತ್ತೆ,
ರಂಗಕ್ಕ

ತಾ.ಕ.: ರಂಗರಾಜುವಿನ ಆಟೋದಲ್ಲಿ ಡ್ರೈವರ್ ಪಕ್ಕ ಒಬ್ಬರು ಕೂರಬಹುದು. ತಿಮ್ಮರಾಜು ಬಿಳಿ ಅಂಗಿ ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕಿದ್ದಾನೆ. ಆ ಸೀಟಿನಲ್ಲಿ ಬರುವವಳು ನಾನು ಎಂದು ಅವನಿಗೆ ಇನ್ನೂ ಹೇಳಿಲ್ಲ. ನನ್ನ ಸೀರೆ, ಮಾತ್ರೆ ಚೀಲಕ್ಕೆ ಹಾಕಿಕೊಂಡಾಗಿದೆ. ಹಾಲು ಕರೆಯಲು ಅವನಿಗೆ ಬರುತ್ತದೆ, ಮುದ್ದೆ ಮಾಡಲು ಕಲಿಯಲಿ. ಅವನಿಗೆ ಬರಲೇಬೇಕು ಎನಿಸಿದರೆ ಬಸ್ಸಿದೆ. ಬಂದು ಬಾಗಿಲಲ್ಲಿ ನಿಂತರೆ ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು, ನಾನು ಒಳಗಿನಿಂದ ಒಂದು ಮಾತೂ ಆಡುವುದಿಲ್ಲ.