ಕೆರೆಯಂಗಳಕ್ಕೆ ಇಳಿಯುವ ಬಗೆ

ಚಿಕ್ಕಸೋಮನಹಳ್ಳಿ, ಮಾಗಡಿ ತಾಲ್ಲೂಕು
೧೪ ಏಪ್ರಿಲ್ ೧೯೮೫

ನನ್ನ ಚಿರಂಜೀವಿ ಮಗ ಬೀರಲಿಂಗಯ್ಯನಿಗೆ,

ಮೈಯಲ್ಲಿ ಹುಷಾರಾಗಿದ್ದೀಯಾ ಮಗ? ನಾಗಪುರದ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದದ್ದು ನಿಂತಿತೆ? ತಲೆಗೆ ಹರಳೆಣ್ಣೆ ಹಾಕು. ವಿಮಾನ ಕಲಿಯಲು ಬರುವವರ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂಗಾಡಬೇಡ, ಪಿತ್ತ ಕೆರಳುತ್ತದೆ. ಇಲ್ಲಿ ರೇಷ್ಮೆ ಹುಳು ಮೂರನೆಯ ಜ್ವರ ದಾಟಿವೆ. ನಿನಗೆ ಗೊತ್ತಲ್ಲ, ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನಿದ್ದುಬಿಡುತ್ತವೆ. ಊರಲ್ಲಿ ಈಗ ಹಿಪ್ಪುನೇರಳೆ ನೆಡದ ಜಾಗವೆಂದರೆ ಸುಡುಗಾಡು ಒಂದೇ. ಅದರ ಮೇಲೂ ಪಕ್ಕದ ಹೊಲದ ಮುನಿಶಾಮಯ್ಯ ಕಣ್ಣು ಹಾಕಿದ್ದಾನೆ.

ತಮ್ಮನನ್ನು ನೋಡಲು ಬರಲೇ ಎಂದು ಕೇಳಿದ್ದೀಯೆ. ನರಸಯ್ಯ ಹುಳುಮನೆಯಲ್ಲೇ ಮಲಗಿದ್ದಾನೆ, ಅಲ್ಲಿ ತಂಪು. ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲವಂತೆ. ನೀನು ಹೋದ ದೀಪಾವಳಿಗೆ ಬಂದಾಗ ಜಗುಲಿಯಲ್ಲಿ ಮೊರ ಹಿಡಿದು ಅವನಿಗೆ ಹೇಳಿಕೊಟ್ಟದ್ದು ನನ್ನ ಕಣ್ಣಿಗೆ ಕಟ್ಟಿದೆ. ಮೊರವೇ ವಿಮಾನ. ರೆಕ್ಕೆಯ ಹಿಂದಿನ ಹಲಗೆ ಇಳಿಬಿಟ್ಟರೆ ಅದು ಫ್ಲ್ಯಾಪು, ಅಟ್ಟದಿಂದ ಹಾರುವ ಕೋಳಿ ಪುಕ್ಕ ಅಗಲಿಸಿ ವೇಗ ತಗ್ಗಿಸಿಕೊಂಡ ಹಾಗೆ. ಒಂದು ರೆಕ್ಕೆ ಬಗ್ಗಿಸಿ, ಮೂತಿಯನ್ನು ಇನ್ನೊಂದು ಕಡೆಗೆ ತಿರುಗಿಸಿ ಅಡ್ಡಡ್ಡ ಜಾರಿಸಿದರೆ ಅದು ಸ್ಲಿಪ್ಪು, ಬೇಗ ಕೆಳಗಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಬಾರದೆಂದು ವಿಮಾನದೊಳಗೇ ಚೀಟಿ ಅಂಟಿಸಿದ್ದಾರಲ್ಲ ಎಂದು ಅವನು ಕೇಳಿದ. ನೀನು ನಕ್ಕೆ. “ಅದ ಪುಕ್ಕಲ್ರಿಗೆ ಅಂಟ್ಸವ್ರೆ ಕಣ್ಲಾ. ಪೂರ್ತಿ ಫ್ಲ್ಯಾಪ್ ಬುಟ್ಕಂಡೇ ನೂರು ಸಲ ಜಾರ್ಸಿವ್ನಿ ನಾನು,” ಅಂದೆ.

ಸಂಕ್ರಾಂತಿ ಕಳೆದ ಮೇಲೆ ಒಣಗಿದ ಕೆರೆಯಂಗಳದ ಅರ್ಧಕ್ಕೆ ಹಿಪ್ಪುನೇರಳೆ ಕಡ್ಡಿ ನೆಡಿಸಿದವಳು ನಾನೇ. ಎಲ್ಲರೂ ನೆಡುತ್ತಿದ್ದರು, ನಾನೂ ನೆಟ್ಟೆ. ನರಸಯ್ಯ ಅಲ್ಲಿ ಇಳಿಸುತ್ತಿದ್ದ ರೇಷ್ಮೆ ಸಾಹುಕಾರರ ಪುಟ್ಟ ವಿಮಾನಕ್ಕೆ ಉಳಿದದ್ದು ಗಿಡ್ಡ ಜಾಗ, ಈಚೆ ಬದಿಗೆ ತೆಂಗಿನ ಸಾಲು. ಮರ ದಾಟಿದ ಕೂಡಲೇ ಇಳಿಯಬೇಕು. ನರಸಯ್ಯ ನೀನು ಹೇಳಿದಂತೆ ಎರಡನ್ನೂ ಒಟ್ಟಿಗೇ ಮಾಡಿದ. ತೆಂಗಿನ ಗರಿಯ ಎತ್ತರದಲ್ಲಿ ಬಾಲಕ್ಕೆ ಗಾಳಿಯ ಹಿಡಿತ ತಪ್ಪಿ, ನೀರಿಗೆ ಬಾಯಿ ಹಾಕುವ ಕುರಿಯಂತೆ ವಿಮಾನ ಮೂತಿ ಬಗ್ಗಿಸಿತು. ಇನ್ನೂ ಮೇಲಿದ್ದಿದ್ದರೆ ಎತ್ತಿಕೊಳ್ಳುತ್ತಿದ್ದನಂತೆ. ನನ್ನ ಹಿಪ್ಪುನೇರಳೆ ಸಾಲಿಗೇ ಬಿದ್ದ.

ಹೀಗೆ ಇಳಿಸಲು ಯಾರು ಹೇಳಿಕೊಟ್ಟರೆಂದು ವಿಚಾರಣೆಗೆ ಬಂದವರು ಕೇಳಿದರು. ಯಾರೂ ಇಲ್ಲ ಅಂದ. ಆಮೇಲೆ ಜ್ವರಕ್ಕೆ ಕೂತ ಹುಳುವಿನ ಹಾಗೆ ಅನ್ನ ಬಿಟ್ಟ. ದಿನವೂ ಒಂದೇ ಮಾತು: “ಅಣ್ಣ ದಿಟ್ವಾಗ್ಲೂ ಹಂಗೇ ಇಳಿಸ್ತಿದ್ನಾ, ಇಲ್ಲ ನನ್ ಮುಂದೆ ಜಂಬ ಕೊಚ್ಕಂಡ್ನಾ, ಒಸಿ ಕೇಳವ್ವ.” ಅದಕ್ಕೇ ನಿನಗೆ ಬರೆದು ಕೇಳಿದೆ. ಒಂದು ಸಲವೂ ಹಾಗೆ ಮಾಡಿಲ್ಲ, ಬಾಯಿಮಾತಿಗೆ ಅಂದೆ ಎಂದು ನೀನು ಉತ್ತರ ಬರೆದೆ. ಅದನ್ನು ಅವನಿಗೆ ಓದಿ ಹೇಳಲಿಲ್ಲ. ಕಾಗದವನ್ನು ಒಲೆಗೆ ಹಾಕಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕೆಂಗಲ್ ಆಂಜನೇಯ ನಿನ್ನ ರೆಕ್ಕೆಯ ಕೆಳಗೆ ಕೈ ಕೊಟ್ಟಿರಲಿ.

ನಿನ್ನ ಅವ್ವ,
ಅಂಬಮ್ಮ

ಮರೆತಿದ್ದೆ: ಬರಬೇಡ ಮಗ. ನೀನೂ ಹಾಗೇ ಇಳಿಸಲು ಹೋಗಿ ಬಿದ್ದು ಸತ್ತೆ ಎಂದು ನರಸಯ್ಯನಿಗೆ ಹೇಳಿದ್ದೇನೆ. ಒಂದು ಹಗಲೆಲ್ಲ ಅತ್ತ. ಆಮೇಲೆ, “ಹಂಗಾರೆ ಅಣ್ಣಂಗೂ ಗೊತ್ತಿರ್ನಿಲ್ಲ ಕಣವ್ವ,” ಅಂದ. ಹನ್ನೊಂದನೆಯ ದಿನ ನಿನಗೆ ಇಷ್ಟವೆಂದು ಕಜ್ಜಾಯ ಎಡೆಯಿಟ್ಟೆ. ಅವನು ತಿಂದ ಮೊದಲ ತುತ್ತು ಅದೇ. ಈಗ ಎರಡು ಹೊತ್ತೂ ಉಣ್ಣುತ್ತಾನೆ. ಹುಳುವಿಗೆ ರೋಗ ತಗಲುತ್ತದೆಂದು ಹುಳುಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲವಲ್ಲ, ಬೇರೆ ಯಾರೂ ಅವನಿಗೆ ಹೇಳಲಾರರು. ಇನ್ನು ಕಾಗದವನ್ನೂ ಬರೆಯಬೇಡ. ಅಂಚೆಯವನು ನಿನ್ನ ಹೆಸರು ಹಿಡಿದು ಕೂಗಿದರೆ ಒಳಕ್ಕೆ ಕೇಳಿಸುತ್ತದೆ.